ಕ್ಷೌರದಂಗಡಿಯಲ್ಲಿ ಕನ್ನಡಿಗೆ ಮುನ್ನ ಬ್ಲೇಡು ನೋಡಿ

ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತೇವೆ. ವೈದ್ಯರ ಬಳಿ ಹೋಗುವ ಮೊದಲು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಆದರೆ ಹರಿತವಾದ ಕತ್ತಿಯನ್ನು ನಮ್ಮ ಕೊರಳ ಮೇಲೆ ಆಡಿಸುವ ಕ್ಷೌರಿಕರನ್ನು ಆರಿಸುವಾಗ ಈ ಎಚ್ಚರಿಕೆ ಎಲ್ಲಿಗೋ ಹೋಗಿಬಿಡುತ್ತದೆ. ಅಂಗಡಿ ಮನೆಗೆ ಹತ್ತಿರವಿದೆ, ಕಾಯಬೇಕಾಗಿಲ್ಲ, ದರ ಹೆಚ್ಚಲ್ಲ, ಓದಲು ಪತ್ರಿಕೆ ಇದೆ ಎಂಬಷ್ಟಕ್ಕೇ ನಾವು ಕುರ್ಚಿಯ ಮೇಲೆ ಕುಳಿತು ತಲೆಯೊಡ್ಡುತ್ತೇವೆ.

ಕೂದಲು ಸರಿಯಾಗಿ ಕತ್ತರಿಸದಿದ್ದರೆ ಹದಿನೈದು ದಿನದಲ್ಲಿ ಮತ್ತೆ ಬೆಳೆಯುತ್ತದೆ. ಅದು ದೊಡ್ಡ ನಷ್ಟವಲ್ಲ. ಆದರೆ ಒಬ್ಬರ ಚರ್ಮದ ರೋಗವಾಗಲಿ, ರಕ್ತದಲ್ಲಿರುವ ಸೋಂಕಾಗಲಿ ಬ್ಲೇಡು, ಬ್ರಷ್ಷು, ಟವೆಲ್ಲುಗಳ ಮೂಲಕ ನಮಗೆ ಅಂಟಿಕೊಂಡರೆ ಅದರ ಫಲವನ್ನು ವರ್ಷಗಟ್ಟಲೆ ಅನುಭವಿಸಬೇಕಾದೀತು. ಆದುದರಿಂದ ಒಳ್ಳೆಯ ಕ್ಷೌರಿಕರು ಯಾರು ಎಂಬ ಪ್ರಶ್ನೆ ಅಂದಚೆಂದಕ್ಕೆ ಮಾತ್ರ ಸೇರಿದ್ದಲ್ಲ, ಆರೋಗ್ಯಕ್ಕೂ ಸೇರಿದ್ದು.

ಇದಕ್ಕೆ ಉತ್ತರ ಕಂಡುಕೊಳ್ಳುವುದು ಕಷ್ಟವೇನಲ್ಲ. ಹಿಂದಿನ ಗಿರಾಕಿ ಕುರ್ಚಿಯಿಂದ ಎದ್ದ ಮೇಲೆ ನೀವು ಕುಳಿತುಕೊಳ್ಳುವವರೆಗೆ ಸಿಗುವ ಎರಡು ನಿಮಿಷಗಳಲ್ಲಿ ಕ್ಷೌರಿಕರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಬಳಸಿದ ಬ್ಲೇಡನ್ನು ತೆಗೆದು ಎಸೆದರೇ? ಕೈ ತೊಳೆದರೇ? ಬಾಚಣಿಗೆ, ಕತ್ತರಿಗಳನ್ನು ಶುಚಿ ಮಾಡಿದರೇ? ಟವೆಲ್ಲು ಬದಲಾಯಿತೇ? ಹವಾನಿಯಂತ್ರಿತ ಕೋಣೆ, ತಿರುಗುವ ಕುರ್ಚಿ, ಗೋಡೆ ತುಂಬಾ ಕನ್ನಡಿ ಇವುಗಳಿಗಿಂತ ಆ ಎರಡು ನಿಮಿಷಗಳೇ ಅಂಗಡಿಯ ನಿಜವಾದ ಗುಣವನ್ನು ಹೇಳುತ್ತವೆ. ಅರಳಿಮರದ ಕೆಳಗೆ ಹೊಸ ಬ್ಲೇಡು ಬಳಸುವ ಕ್ಷೌರಿಕರು, ಹಳೆಯ ಬ್ಲೇಡು ಬಳಸುವ ಹವಾನಿಯಂತ್ರಿತ ಸೆಲೂನಿಗಿಂತ ಮೇಲು.

ಕಾಣದ ಗಾಯ, ಕಾಣದ ರಕ್ತ

"ನನಗೆ ಗಾಯವೇ ಆಗಿಲ್ಲ, ರಕ್ತವೇ ಬಂದಿಲ್ಲ. ಮತ್ತೇಕೆ ಹೆದರಬೇಕು?" ಎಂದು ಹಲವರು ಕೇಳುತ್ತಾರೆ. ಗಡ್ಡ ಹೆರೆಯುವಾಗ ಬ್ಲೇಡು ಕೂದಲನ್ನಷ್ಟೇ ಅಲ್ಲ, ಚರ್ಮದ ಮೇಲ್ಪದರವನ್ನೂ ಅಲ್ಲಲ್ಲಿ ಸವರಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಗೀರುಗಳು ಉಳಿಯುತ್ತವೆ. ಕ್ಷೌರದ ನಂತರ ಪಟಿಕದ ಕಲ್ಲು ಉಜ್ಜಿದಾಗ ಚುರುಗುಟ್ಟುವುದು ಈ ಗೀರುಗಳಿಂದಲೇ. ರೋಗಾಣುವಿಗೆ ಒಳಬರಲು ಅಷ್ಟು ಜಾಗ ಸಾಕು. ಬ್ಲೇಡಿನ ಅಂಚಿಗೆ ಅಂಟಿದ, ಕಣ್ಣಿಗೆ ಬೀಳದಷ್ಟು ರಕ್ತವೂ ಸೋಂಕನ್ನು ಸಾಗಿಸಬಲ್ಲದು.

ಇಂಥ ಸೋಂಕುಗಳಲ್ಲಿ ಮುಖ್ಯವಾದುದು ಹೆಪಟೈಟಿಸ್-ಬಿ. ಇದು ಪಿತ್ತಜನಕಾಂಗವನ್ನು, ಅಂದರೆ ಲಿವರನ್ನು ಬಾಧಿಸುವ ವೈರಸ್. ಎಚ್‌ಐವಿ ವೈರಸ್ ದೇಹದಿಂದ ಹೊರಬಂದ ಮೇಲೆ ಬೇಗ ಶಕ್ತಿಗುಂದುತ್ತದೆ. ಹೆಪಟೈಟಿಸ್-ಬಿ ವೈರಸ್ ಹಾಗಲ್ಲ. ಒಣಗಿದ ರಕ್ತದ ಕಲೆಯಲ್ಲಿಯೂ ಅದು ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಕಳೆದ ಭಾನುವಾರ ಬಳಸಿದ ಬ್ಲೇಡು ಈ ಶನಿವಾರವೂ ಅಪಾಯಕಾರಿಯೇ.

ಆಸ್ಪತ್ರೆ ಸಿಬ್ಬಂದಿಗೆ ಸೋಂಕಿತರ ರಕ್ತವಿರುವ ಸೂಜಿ ಆಕಸ್ಮಿಕವಾಗಿ ಚುಚ್ಚಿದಾಗ ಏನಾಗುತ್ತದೆ ಎಂಬುದನ್ನು ವೈದ್ಯವಿಜ್ಞಾನ ಚೆನ್ನಾಗಿ ಅಭ್ಯಸಿಸಿದೆ. ಆಗ ಎಚ್‌ಐವಿ ತಗಲುವ ಸಂಭವ ಶೇಕಡಾ 0.3ರಷ್ಟು, ಹೆಪಟೈಟಿಸ್-ಸಿ ತಗಲುವ ಸಂಭವ ಸುಮಾರು ಶೇಕಡಾ 2. ಆದರೆ ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್-ಬಿ ತಗಲುವ ಸಂಭವ ಶೇಕಡಾ 6ರಿಂದ 30ರವರೆಗೂ ಇದೆ. ಬ್ಲೇಡಿನ ಗೀರು ಸೂಜಿಯಷ್ಟು ಆಳಕ್ಕೆ ಇಳಿಯುವುದಿಲ್ಲವಾದ್ದರಿಂದ ಅಪಾಯ ಇದಕ್ಕಿಂತ ಕಡಿಮೆ. ಆದರೂ ಮೂರು ವೈರಸ್‌ಗಳ ನಡುವಿನ ವ್ಯತ್ಯಾಸ ಇದರಿಂದ ಅರ್ಥವಾಗುತ್ತದೆ. ಏಡ್ಸ್ ಜಾಗೃತಿಯ ಪ್ರಚಾರ ನಮಗೆ ಹೊಸ ಬ್ಲೇಡು ಕೇಳಲು ಕಲಿಸಿತು. ಆದರೆ ಹೊಸ ಬ್ಲೇಡು ನಮ್ಮನ್ನು ಹೆಚ್ಚಾಗಿ ಕಾಪಾಡುವುದು ಹೆಪಟೈಟಿಸ್ ಕಾಯಿಲೆಗಳಿಂದ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಭಾರತದಲ್ಲಿ ಸುಮಾರು 3 ಕೋಟಿ ಜನರಲ್ಲಿ ಹೆಪಟೈಟಿಸ್-ಬಿ, ಸುಮಾರು 55 ಲಕ್ಷ ಜನರಲ್ಲಿ ಹೆಪಟೈಟಿಸ್-ಸಿ ಸೋಂಕು ಇತ್ತು. ಇವರಲ್ಲಿ ಬಹುಪಾಲು ಜನರಿಗೆ ತಮಗೆ ಸೋಂಕಿದೆ ಎಂಬುದೇ ತಿಳಿದಿರುವುದಿಲ್ಲ. ಕಣ್ಣು ಹಳದಿಯಾಗದೆ, ಜ್ವರ ಬಾರದೆ, ಹಸಿವು ಕೆಡದೆ ಅವರು ನಮ್ಮನಿಮ್ಮಂತೆಯೇ ಓಡಾಡಿಕೊಂಡಿರುತ್ತಾರೆ. ಹಿಂದಿನ ಗಿರಾಕಿ ಗಟ್ಟಿಮುಟ್ಟಾಗಿ, ಶುಚಿಯಾಗಿ ಕಂಡರೆ ಭಯವಿಲ್ಲ ಎಂದು ತಿಳಿಯುವುದು ತಪ್ಪು.

ಅರ್ಧ ಬ್ಲೇಡಿನ ಲೆಕ್ಕ

ಹಿಂದೆ ಕ್ಷೌರಿಕರ ಪೆಟ್ಟಿಗೆಯಲ್ಲಿ ಒಂದೇ ಕತ್ತಿ ಇರುತ್ತಿತ್ತು. ಅದನ್ನೇ ಚರ್ಮದ ಪಟ್ಟಿಗೆ ಮಸೆದು ಊರಿಗೆಲ್ಲ ಕ್ಷೌರ ಮಾಡುತ್ತಿದ್ದರು. ಅಮೆರಿಕದಲ್ಲಿ ಜಿಲೆಟ್ ಕಂಪನಿ ಬಳಸಿ ಬಿಸಾಡುವ ಬ್ಲೇಡುಗಳನ್ನು 1903ರಲ್ಲಿ ಮಾರಾಟಕ್ಕೆ ತಂದ ಮೇಲೆ ಕ್ರಮೇಣ ಈ ಪದ್ಧತಿ ಬದಲಾಯಿತು. ಈಗ ನಮ್ಮ ಅಂಗಡಿಗಳಲ್ಲಿ ಎರಡು ಅಂಚಿನ ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು, ಒಂದು ಭಾಗವನ್ನು ಕತ್ತಿಯ ಹಿಡಿಗೆ ಸಿಕ್ಕಿಸುವುದು ರೂಢಿ. ಒಂದು ಬ್ಲೇಡು ಇಬ್ಬರಿಗೆ ಆಗುತ್ತದೆ.

ಅರ್ಧ ಬ್ಲೇಡಿನಲ್ಲಿ ದೋಷವೇನೂ ಇಲ್ಲ. ಆ ಅರ್ಧವನ್ನು ಬೇರೆ ಯಾರಿಗೂ ಬಳಸಿರಬಾರದು, ಅಷ್ಟೆ. ತೊಂದರೆ ಇರುವುದು ಇನ್ನರ್ಧ ಎಲ್ಲಿ ಹೋಯಿತು ಎಂಬುದರಲ್ಲಿ. ಬಳಸದ ಅರ್ಧವನ್ನು ಮತ್ತೆ ಕಾಗದದಲ್ಲಿ ಸುತ್ತಿ, ಬಳಸಿದ್ದನ್ನು ಕೂಡಲೇ ಡಬ್ಬಿಗೆ ಹಾಕುವ ಅಂಗಡಿಯಲ್ಲಿ ಗೊಂದಲವಿಲ್ಲ. ಕನ್ನಡಿಯ ಮುಂದಿನ ಒಂದೇ ತಟ್ಟೆಯಲ್ಲಿ ಎರಡೂ ಬಗೆಯ ತುಂಡುಗಳು ಬಿದ್ದಿದ್ದರೆ, ಭಾನುವಾರದ ಗದ್ದಲದಲ್ಲಿ ಯಾವುದು ಹೊಸದು ಯಾವುದು ಹಳೆಯದು ಎಂದು ಹೇಳುವವರು ಯಾರು?

ಆದ್ದರಿಂದ ಬ್ಲೇಡಿನ ಕಾಗದವನ್ನು ನಿಮ್ಮ ಕಣ್ಣೆದುರೇ ಬಿಚ್ಚಿ, ಮುರಿದು, ಕತ್ತಿಗೆ ಸಿಕ್ಕಿಸಬೇಕು. ಅದಕ್ಕೆ ಮೊದಲು ಕತ್ತಿಯ ಸೀಳಿನಲ್ಲಿ ಸಿಕ್ಕಿಕೊಂಡ ಹಳೆಯ ಕೂದಲು, ಸೋಪಿನ ನೊರೆಗಳನ್ನು ತೊಳೆದು ಸ್ಪಿರಿಟ್ಟಿನಿಂದ ಒರೆಸಬೇಕು. ಬ್ಲೇಡು ಹೊಸದಾಗಿದ್ದು ಹಿಡಿ ಕೊಳಕಾಗಿದ್ದರೆ ಅರ್ಧ ಕೆಲಸವಷ್ಟೇ ಆದಂತೆ.

"ನಾನು ಗಡ್ಡವನ್ನು ಮನೆಯಲ್ಲೇ ತೆಗೆದುಕೊಳ್ಳುತ್ತೇನೆ, ಅಂಗಡಿಯಲ್ಲಿ ಕಟಿಂಗ್ ಮಾತ್ರ" ಎನ್ನುವವರೂ ಈ ವಿಷಯದಲ್ಲಿ ಹುಷಾರಾಗಿರಬೇಕು. ಕೂದಲು ಕತ್ತರಿಸಿದ ಮೇಲೆ ಕಿವಿಯ ಪಕ್ಕ ಮತ್ತು ಕುತ್ತಿಗೆಯ ಹಿಂಭಾಗವನ್ನು ಅಂದಗೊಳಿಸುವುದು ಬ್ಲೇಡಿನಿಂದಲೇ. ಅದೂ ನಿಮ್ಮ ಕಣ್ಣಿಗೆ ಕಾಣದ ಹಿಂಬದಿಯಲ್ಲಿ. ಕಟಿಂಗ್ ಆರಂಭವಾಗುವಾಗಲೇ ಹೊಸ ಬ್ಲೇಡಿನ ಮಾತು ಆಡಿಬಿಡುವುದು ಒಳ್ಳೆಯದು. ಕಂಕುಳ ಕೂದಲು ತೆಗೆದ ಬ್ಲೇಡು ಮತ್ತು ಬ್ರಷ್ಷು ಮುಖಕ್ಕೆ ಬರಕೂಡದು ಎಂಬುದನ್ನೂ ನೆನಪಿಡಿ.

ಹಳೆಯ ಬ್ಲೇಡನ್ನು ನಂಜುನಿರೋಧಕ ದ್ರವ ಬೆರೆಸಿದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಶುದ್ಧವಾಯಿತೆಂದು ಕೆಲವರು ನಂಬುತ್ತಾರೆ. ಬೆಳಗಿನಿಂದ ಅದೇ ಬಟ್ಟಲಿನಲ್ಲಿರುವ ಬಿಳಿಯ ನೀರಿಗೆ ಹೆಪಟೈಟಿಸ್ ವೈರಸ್ ಕೊಲ್ಲುವ ಶಕ್ತಿ ಇರುವುದಿಲ್ಲ. ಬೆಂಕಿಕಡ್ಡಿ ಗೀರಿ ಬ್ಲೇಡಿಗೆ ಕ್ಷಣಮಾತ್ರ ತೋರಿಸುವುದೂ ನಂಬತಕ್ಕ ವಿಧಾನವಲ್ಲ. ಬ್ಲೇಡಿನ ವಿಷಯದಲ್ಲಿ ಶುದ್ಧೀಕರಣದ ಮಾತೇ ಬೇಡ. ಬಳಸಿದ್ದನ್ನು ಬಿಸಾಡುವುದೊಂದೇ ಸರಿಯಾದ ದಾರಿ. ಅದರ ಖರ್ಚು ಒಂದು ಲೋಟ ಕಾಫಿಯ ಬೆಲೆಗಿಂತಲೂ ಕಡಿಮೆ.

ಜಾವಳ ತೆಗೆಸುವಾಗ ಹೆಚ್ಚು ಎಚ್ಚರ

ಮನೆಯಲ್ಲಿ ಪುಟ್ಟ ಮಕ್ಕಳಿರುವವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಹೆಪಟೈಟಿಸ್-ಬಿ ವೈರಸ್ ದೊಡ್ಡವರನ್ನು ಮತ್ತು ಮಕ್ಕಳನ್ನು ಒಂದೇ ರೀತಿ ಕಾಡುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ ಸೋಂಕು ತಗಲಿದರೆ 100ರಲ್ಲಿ 95 ಮಂದಿಯ ದೇಹ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಆದರೆ ಒಂದು ವರ್ಷದೊಳಗಿನ ಕೂಸಿಗೆ ತಗಲಿದರೆ 100ರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಶಾಶ್ವತವಾಗಿ ಬೇರೂರುತ್ತದೆ. ಒಂದರಿಂದ ಐದು ವರ್ಷದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲಿ ಒಂದು ಪಾಲು ಹೀಗಾಗುತ್ತದೆ. ಬೇರೂರಿದ ಸೋಂಕು ದಶಕಗಳ ನಂತರ, ಮಗು ಬೆಳೆದು ಸಂಸಾರ ಹೂಡುವ ವಯಸ್ಸಿನಲ್ಲಿ, ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್ ರೂಪದಲ್ಲಿ ತಲೆಯೆತ್ತಬಹುದು.

ನಮ್ಮಲ್ಲಿ ಮಗುವಿನ ಜಾವಳ ತೆಗೆಸುವುದು ಇದೇ ಎಳೆಯ ವಯಸ್ಸಿನಲ್ಲಿ. ಮಲೆ ಮಹದೇಶ್ವರ ಬೆಟ್ಟ, ತಿರುಮಲ ಮೊದಲಾದ ಮುಡಿ ಕೊಡುವ ಕ್ಷೇತ್ರಗಳಲ್ಲಿ ಜಾತ್ರೆ, ಹಬ್ಬಗಳ ಕಾಲದಲ್ಲಿ ಜನಸಂದಣಿ ಹೇಳತೀರದು. ಕೂಸು ಅಳುತ್ತದೆ, ತಲೆ ಅಲ್ಲಾಡಿಸುತ್ತದೆ, ನೆತ್ತಿಯಲ್ಲಿ ಗೀರು ಬೀಳುವುದು ಸಾಮಾನ್ಯ. ಇಂಥಲ್ಲಿ ಬ್ಲೇಡು ಹೊಸದೋ ಹಳೆಯದೋ ಎಂಬುದನ್ನು ಅದೃಷ್ಟಕ್ಕೆ ಬಿಡಬಾರದು. ಊರಿನಿಂದ ಹೊರಡುವಾಗಲೇ ಬ್ಲೇಡಿನ ಒಂದು ಪ್ಯಾಕೆಟ್ಟನ್ನು ಅರಿಸಿನ ಕುಂಕುಮದ ಜೊತೆಗೇ ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ಅದನ್ನು ಕೈಗೆ ಕೊಟ್ಟು, ಅದನ್ನೇ ಸಿಕ್ಕಿಸುವುದನ್ನು ನೋಡಿ, ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಅಕ್ಕಪಕ್ಕ ನಾಲ್ಕು ಮಕ್ಕಳನ್ನು ಕೂರಿಸಿದ್ದರೆ ಒಂದೊಂದು ಮಗುವಿಗೂ ಒಂದೊಂದು ಬ್ಲೇಡು. ಅಣ್ಣತಮ್ಮಂದಿರಾದರೂ ಇದರಲ್ಲಿ ವಿನಾಯಿತಿ ಇಲ್ಲ.

ಇನ್ನೊಂದು ರಕ್ಷಣೆ ಲಸಿಕೆ. ಹೆಪಟೈಟಿಸ್-ಬಿ ಲಸಿಕೆಯನ್ನು ಹುಟ್ಟಿದ 24 ಗಂಟೆಯೊಳಗೆ ಒಮ್ಮೆ, ಆ ಬಳಿಕ 6, 10 ಮತ್ತು 14ನೆಯ ವಾರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಇವೆಲ್ಲ ಮುಗಿದ ಮೇಲೆ ಜಾವಳದ ದಿನ ಗೊತ್ತು ಮಾಡಿಕೊಳ್ಳುವುದು ವಿವೇಕ. ಲಸಿಕೆ ಹಾಕಿಸಿಕೊಳ್ಳದ ದೊಡ್ಡವರೂ ವೈದ್ಯರ ಸಲಹೆಯಂತೆ ಆರು ತಿಂಗಳ ಅವಧಿಯಲ್ಲಿ ಮೂರು ಚುಚ್ಚುಮದ್ದು ಪಡೆಯಬಹುದು. ಹೆಪಟೈಟಿಸ್-ಸಿ ಕಾಯಿಲೆಗೆ ಲಸಿಕೆ ಇಲ್ಲ. ಆದರೆ ಈಗ ಕೆಲವು ತಿಂಗಳ ಮಾತ್ರೆಗಳಿಂದ ಅದನ್ನು ಬಹುತೇಕ ಎಲ್ಲರಲ್ಲಿಯೂ ಗುಣಪಡಿಸಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಎರಡೂ ಕಾಯಿಲೆಗಳ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ.

ಬ್ರಷ್ಷು, ಟವೆಲ್ಲು, ಬಾಚಣಿಗೆ

ಬ್ಲೇಡಿನಷ್ಟು ಹೆದರಿಸದಿದ್ದರೂ ಉಳಿದ ಸಲಕರಣೆಗಳ ಮೂಲಕ ಚರ್ಮದ ಕಾಯಿಲೆಗಳು ಧಾರಾಳವಾಗಿ ಹರಡುತ್ತವೆ. ಕೂದಲಿನ ಬುಡದಲ್ಲಿ ಕೀವು ತುಂಬಿದ ಸಣ್ಣ ಗುಳ್ಳೆಗಳೇಳುವ ಸೋಂಕು ಗಡ್ಡದ ಭಾಗದಲ್ಲಿ ಸಾಮಾನ್ಯ. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಮುಖ್ಯ ಕಾರಣ. ಗಡ್ಡದ ಭಾಗದಲ್ಲಿ ಹಬ್ಬುವ ನರಹುಲಿಗಳು ವೈರಸ್‌ನಿಂದ ಬರುವಂಥವು. ಒಂದು ನರಹುಲಿಯ ಮೇಲೆ ಬ್ಲೇಡು ಹಾಯಿಸಿದರೆ ಅದು ಮುಖದ ತುಂಬಾ ಬಿತ್ತನೆಯಾದಂತೆ. ಹುಳುಕಡ್ಡಿ ಶಿಲೀಂಧ್ರದಿಂದ ಬರುತ್ತದೆ. ಬಾಚಣಿಗೆ, ಕೂದಲು ಕತ್ತರಿಸುವ ಯಂತ್ರ, ಒದ್ದೆ ಟವೆಲ್ಲುಗಳು ಇದರ ವಾಹನಗಳು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಕುದುರೆಕೂದಲಿನ ಅಗ್ಗದ ಕ್ಷೌರದ ಬ್ರಷ್ಷುಗಳಿಂದ ಆಂಥ್ರಾಕ್ಸ್ ಎಂಬ ಮಾರಕ ರೋಗ ಹರಡಿ ಹಲವರು ತೀರಿಕೊಂಡರು. ಕೂದಲನ್ನು ಸರಿಯಾಗಿ ಶುದ್ಧೀಕರಿಸದೆ ಬ್ರಷ್ಷು ತಯಾರಿಸಿದ್ದೇ ಕಾರಣ. ಇಂದು ಆ ಭಯವಿಲ್ಲವಾದರೂ ಬ್ರಷ್ಷು ರೋಗವನ್ನು ಹೊರಬಲ್ಲದು ಎಂಬ ಪಾಠ ಹಳೆಯದಾಗಿಲ್ಲ. ಇಡೀ ದಿನ ಒಂದೇ ಬ್ರಷ್ಷನ್ನು ಒಂದೇ ಬಟ್ಟಲಿನ ಸೋಪಿಗೆ ಅದ್ದುವುದಕ್ಕಿಂತ, ಟ್ಯೂಬಿನ ಕ್ರೀಮನ್ನು ಅಂಗೈಗೆ ಹಾಕಿಕೊಂಡು ತೊಳೆದ ಕೈಯಿಂದ ಹಚ್ಚುವುದು ಮೇಲು. ಬ್ರಷ್ಷನ್ನೇ ಬಳಸುವುದಾದರೆ ಪ್ರತಿ ಗಿರಾಕಿಯ ನಂತರ ಬಿಸಿನೀರು, ಸೋಪಿನಿಂದ ತೊಳೆಯಬೇಕು.

ಪಟಿಕದ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಇದೆ. ಅದು ಚರ್ಮವನ್ನು ಬಿಗಿಗೊಳಿಸಿ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ, ನಿಜ. ಆದರೆ ಅದು ಎಲ್ಲ ರೋಗಾಣುಗಳನ್ನೂ ಕೊಲ್ಲುವ ಮದ್ದಲ್ಲ. ಒಬ್ಬರ ಗಾಯಕ್ಕೆ ಉಜ್ಜಿದ ಕಲ್ಲನ್ನೇ ಮುಂದಿನವರ ಗಾಯಕ್ಕೂ ಉಜ್ಜಿದರೆ, ಬ್ಲೇಡು ಬದಲಾಯಿಸಿದ್ದರ ಪ್ರಯೋಜನವೇ ಇಲ್ಲವಾಗುತ್ತದೆ. ಗಾಯವಾದರೆ ಶುಭ್ರವಾದ ಹತ್ತಿಯಿಂದ ಎರಡು ನಿಮಿಷ ಒತ್ತಿ ಹಿಡಿದರೆ ಸಾಕು. ಪಟಿಕವೇ ಬೇಕೆನ್ನುವವರು ತಮ್ಮದೇ ತುಂಡೊಂದನ್ನು ಇಟ್ಟುಕೊಳ್ಳಲಿ.

ಕತ್ತರಿ ಮತ್ತು ಬಾಚಣಿಗೆಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ವಿದ್ಯುತ್ ಯಂತ್ರದ ಹಲ್ಲುಗಳ ನಡುವಿನ ಕೂದಲನ್ನು ಬ್ರಷ್ಷಿನಿಂದ ತೆಗೆದು ಆಮೇಲೆ ಸ್ಪಿರಿಟ್ ಹಚ್ಚಬೇಕು. ಕೊಳೆಯ ಮೇಲೆಯೇ ಸ್ಪಿರಿಟ್ ಸುರಿದರೆ ಅದು ಒಳಗಿಳಿಯುವುದಿಲ್ಲ. ತೀರಾ ಸಣ್ಣಗೆ ಕತ್ತರಿಸುವ ಯಂತ್ರವೂ ಚರ್ಮ ಗೀರಬಲ್ಲದಾದ್ದರಿಂದ, ಯಂತ್ರ ಬಂದ ಮೇಲೆ ಅಪಾಯ ಹೋಯಿತು ಎನ್ನುವಂತಿಲ್ಲ. ಟವೆಲ್ಲು ಒಬ್ಬರಿಗೆ ಒಂದು. ಇಲ್ಲವೇ ಮನೆಯಿಂದ ಒಂದು ತೆಳು ಟವೆಲ್ಲು ಒಯ್ಯಿರಿ.

ಒಂದು ವಿಷಯದಲ್ಲಿ ಮಾತ್ರ ಕ್ಷೌರಿಕರ ಮೇಲೆ ಸುಮ್ಮನೆ ಅಪವಾದ ಹೊರಿಸಲಾಗುತ್ತದೆ. ತಲೆಯಲ್ಲೋ ಗಡ್ಡದಲ್ಲೋ ನಾಣ್ಯದಗಲ ಕೂದಲು ಉದುರಿ ನುಣ್ಣಗಾದರೆ "ಹುಳು ತಿಂದಿದೆ, ಅಂಗಡಿಯಿಂದ ಅಂಟಿತು" ಎನ್ನುವುದುಂಟು. ಇದು ಅಂಟುರೋಗವೇ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡವನ್ನು ಶತ್ರುವೆಂದು ಭಾವಿಸಿ ದಾಳಿ ಮಾಡುವುದರಿಂದ ಹೀಗಾಗುತ್ತದೆ. ಚರ್ಮವೈದ್ಯರನ್ನು ಕಂಡರೆ ಚಿಕಿತ್ಸೆ ಉಂಟು.

ಕೈಚಳಕವೂ ಆರೋಗ್ಯವೇ

ಶುಚಿತ್ವದ ಜೊತೆಗೆ ಕಸುಬಿನ ಜಾಣ್ಮೆಯನ್ನೂ ನೋಡಬೇಕು. ಒಳ್ಳೆಯ ಕ್ಷೌರಿಕರು ಬ್ಲೇಡು ಹಿಡಿಯುವ ಮೊದಲು ಉಗುರುಬೆಚ್ಚಗಿನ ನೀರಿನಿಂದ ಗಡ್ಡವನ್ನು ಎರಡು ಮೂರು ನಿಮಿಷ ನೆನೆಸುತ್ತಾರೆ. ನೆನೆದ ಕೂದಲು ಮೆತ್ತಗಾಗಿ ಸಲೀಸಾಗಿ ಕತ್ತರಿಸಲ್ಪಡುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲಿಯೇ ಹಗುರವಾಗಿ ಕತ್ತಿ ಆಡಿಸುತ್ತಾರೆ.

ಕೆನ್ನೆ ಗಾಜಿನಂತೆ ನುಣುಪಾಗಬೇಕೆಂದು ಚರ್ಮವನ್ನು ಬಿಗಿಯಾಗಿ ಎಳೆದು, ಎದುರು ದಿಕ್ಕಿನಲ್ಲಿ ಎರಡು ಮೂರು ಸಲ ಹೆರೆದರೆ ಕೂದಲಿನ ತುದಿ ಚರ್ಮದ ಒಳಕ್ಕೆ ಸರಿಯುತ್ತದೆ. ಬೆಳೆಯುವಾಗ ಅದು ಹೊರಬರುವ ಬದಲು ಒಳಗೇ ಬಾಗಿ ಚುಚ್ಚುತ್ತದೆ. ಕೊರಳ ಭಾಗದಲ್ಲಿ ಕಪ್ಪಗಿನ ಗಂಟುಗಳು, ನವೆ, ಉರಿ ಕಾಣಿಸಿಕೊಳ್ಳುತ್ತವೆ. ಗುಂಗುರು ಕೂದಲಿನವರಿಗೆ ಈ ತೊಂದರೆ ಹೆಚ್ಚು. ಅಂಥವರು "ಒಂದೇ ಸಲ ಸಾಕು, ಉಲ್ಟಾ ಹೊಡೆಯಬೇಡಿ" ಎಂದು ಮೊದಲೇ ಹೇಳಬೇಕು. ಮುಖದಲ್ಲಿ ಮೊಡವೆ, ಮಚ್ಚೆ, ನರಹುಲಿ ಇದ್ದರೆ ಅದನ್ನು ತಾವಾಗಿಯೇ ಗಮನಿಸಿ ಬಳಸಿಕೊಂಡು ಹೋಗುವವರು ಬಲ್ಲವರು.

ಸಕ್ಕರೆ ಕಾಯಿಲೆ ಇರುವವರ ಗಾಯ ನಿಧಾನವಾಗಿ ಮಾಯುತ್ತದೆ. ಹೃದ್ರೋಗಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಸಣ್ಣ ಗೀರಿನಿಂದಲೂ ರಕ್ತ ಬೇಗ ನಿಲ್ಲುವುದಿಲ್ಲ. ಇಂಥವರು ತಮ್ಮ ಸ್ಥಿತಿಯನ್ನು ಕ್ಷೌರಿಕರಿಗೆ ತಿಳಿಸಲು ಸಂಕೋಚಪಡಬಾರದು.

ಕತ್ತಿನ ನೆಟಿಗೆ ಬೇಡವೇ ಬೇಡ

ಕೂದಲು ಕತ್ತರಿಸಿ ಮುಗಿದ ಮೇಲೆ ತಲೆಗೆ ಎಣ್ಣೆ ಹಚ್ಚಿ ತಟ್ಟುವುದು ಹಿತವಾದದ್ದೇ. ಆದರೆ ಕೊನೆಯಲ್ಲಿ ಗದ್ದ ಮತ್ತು ತಲೆಯನ್ನು ಹಿಡಿದು ಕತ್ತನ್ನು ಥಟ್ಟನೆ ತಿರುವಿ ನೆಟಿಗೆ ತೆಗೆಯುವ ಪದ್ಧತಿ ಅಪಾಯಕಾರಿ. ಮೆದುಳಿಗೆ ರಕ್ತ ಒಯ್ಯುವ ನಾಲ್ಕು ಮುಖ್ಯ ರಕ್ತನಾಳಗಳು ಕತ್ತಿನ ಮೂಲಕವೇ ಹಾದುಹೋಗುತ್ತವೆ. ಅವುಗಳಲ್ಲಿ ಎರಡು ಬೆನ್ನುಮೂಳೆಯ ರಂಧ್ರಗಳ ನಡುವೆಯೇ ಸಾಗುತ್ತವೆ. ಹಠಾತ್ ತಿರುವಿದಾಗ ರಕ್ತನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗಬಹುದು.

ಇದು ಕೇವಲ ಊಹೆಯಲ್ಲ. ಹೀಗೆ ಕತ್ತು ತಿರುವಿಸಿಕೊಂಡ ಬಳ್ಳಾರಿ ಕಡೆಯ ಯುವಕನೊಬ್ಬ ಪಾರ್ಶ್ವವಾಯುವಿಗೆ ತುತ್ತಾಗಿ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ದೆಹಲಿಯ ಸಮೀಪ ಒಬ್ಬರಿಗೆ ಇದೇ ಕಾರಣದಿಂದ ಉಸಿರಾಟದ ಸ್ನಾಯುವಿನ ನರಕ್ಕೆ ಪೆಟ್ಟಾಗಿ ಉಸಿರಾಡುವುದೇ ಕಷ್ಟವಾದದ್ದು 2017ರಲ್ಲಿ ವರದಿಯಾಗಿತ್ತು. ದೊಡ್ಡ ಸೆಲೂನುಗಳಲ್ಲಿ ತಲೆ ತೊಳೆಯುವಾಗ ಕತ್ತನ್ನು ಬೇಸಿನ್ನಿನ ಅಂಚಿನ ಮೇಲೆ ಬಹಳ ಹೊತ್ತು ಹಿಂದಕ್ಕೆ ಬಾಗಿಸುವುದೂ ವಯಸ್ಸಾದವರಿಗೆ ಒಳ್ಳೆಯದಲ್ಲ. ಹಾಗೆ ಬಾಗಿಸಿದ್ದರಿಂದ ಪಾರ್ಶ್ವವಾಯು ಆದ ಪ್ರಕರಣಗಳನ್ನು ಅಮೆರಿಕದ ವೈದ್ಯರೊಬ್ಬರು 1993ರಲ್ಲಿಯೇ ವಿವರಿಸಿದ್ದಾರೆ.

ಇಂಥ ಘಟನೆಗಳು ವಿರಳ. ಆದರೆ ನೆಟಿಗೆಯಿಂದ ಆರೋಗ್ಯಕ್ಕೆ ಆಗುವ ಲಾಭ ಏನೂ ಇಲ್ಲದಿರುವಾಗ ವಿರಳವಾದ ಅಪಾಯವನ್ನಾದರೂ ಏಕೆ ಮೈಮೇಲೆ ಎಳೆದುಕೊಳ್ಳಬೇಕು? ಕತ್ತು ತಿರುವಿದ ನಂತರ ತಲೆ ಸುತ್ತುವುದು, ಮಾತು ತೊದಲುವುದು, ಕೈಕಾಲು ಬಲಗುಂದುವುದು, ಎರಡೆರಡಾಗಿ ಕಾಣುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನರೆಗೂದಲಿಗೆ ಬಣ್ಣ

ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುವವರೂ ಬಹಳ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ನೆತ್ತಿ, ಹಣೆ, ಕಿವಿಗಳಲ್ಲಿ ನವೆ, ನೀರ್ಗುಳ್ಳೆ, ಕಣ್ಣು ಮುಚ್ಚಿಹೋಗುವಷ್ಟು ಊತ ಬರಬಹುದು. ವರ್ಷಗಳಿಂದ ಹಚ್ಚಿಕೊಂಡು ಏನೂ ಆಗದವರಿಗೂ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗುವುದುಂಟು. ಬಣ್ಣವನ್ನು ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ 48 ಗಂಟೆ ಕಾಯ್ದು ನೋಡಿ. ಒಮ್ಮೆ ಅಲರ್ಜಿಯಾದವರು ಅದೇ ಬಣ್ಣವನ್ನು ಮತ್ತೆ ಮುಟ್ಟಬಾರದು.

ಕೇಳುವುದು ಹೇಗೆ?

ಹೊಸ ಬ್ಲೇಡು ಕೇಳಿದರೆ ಕ್ಷೌರಿಕರು ಬೇಸರಪಟ್ಟುಕೊಂಡಾರು ಎಂಬ ದಾಕ್ಷಿಣ್ಯ ಹಲವರನ್ನು ಸುಮ್ಮನಾಗಿಸುತ್ತದೆ. ತಂದೆಯ ಕಾಲದಿಂದ ಹೋಗುತ್ತಿರುವ ಅಂಗಡಿಯಾದರಂತೂ ಬಾಯಿ ಬಾರದು. ಆದರೆ ಕುರ್ಚಿಯ ಮೇಲೆ ಕುಳಿತ ಕೂಡಲೇ ನಗುನಗುತ್ತಾ "ಅಣ್ಣಾ, ಹೊಸ ಬ್ಲೇಡು ಹಾಕಿಬಿಡಿ" ಎಂದರೆ ತಪ್ಪು ತಿಳಿಯುವವರು ಕಡಿಮೆ. ಎಲ್ಲರೂ ಕೇಳತೊಡಗಿದರೆ ಅದೇ ಅಂಗಡಿಯ ರೂಢಿಯಾಗುತ್ತದೆ. ಕೇಳಿದ್ದಕ್ಕೆ ಸಿಡುಕುವವರು, "ಈಗ ತಾನೇ ಹಾಕಿದ್ದು" ಎಂದು ಜಾರಿಕೊಳ್ಳುವವರು ಸಿಕ್ಕರೆ ಬೇರೆ ಅಂಗಡಿ ಹುಡುಕಿ.

ಕ್ಷೌರಿಕರ ಕಷ್ಟವನ್ನೂ ನಾವು ಅರಿಯಬೇಕು. ಬ್ಲೇಡು ಮುರಿಯುವಾಗ ಮೊದಲು ಗಾಯವಾಗುವುದು ಅವರ ಬೆರಳಿಗೆ. ದಿನಕ್ಕೆ ಹತ್ತಾರು ಜನರ ಚರ್ಮ, ರಕ್ತಗಳ ಸಂಪರ್ಕಕ್ಕೆ ಬರುವ ಅವರಿಗೆ ಹೆಪಟೈಟಿಸ್-ಬಿ ಲಸಿಕೆ ಎಲ್ಲರಿಗಿಂತ ಮೊದಲು ಸಿಗಬೇಕು. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುವ ಅವರಿಗೆ ಬೆನ್ನುನೋವು, ಕಾಲಿನ ನರ ಉಬ್ಬುವುದು ತಪ್ಪಿದ್ದಲ್ಲ. ಬ್ಲೇಡು, ಟವೆಲ್ಲುಗಳ ಖರ್ಚಿಗಾಗಿ ಐದು ಹತ್ತು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ. ನಾವು ಉಳಿಸುವ ಆ ಹಣವೇ ಹಳೆಯ ಬ್ಲೇಡು ಮತ್ತೆ ಕತ್ತಿಗೇರಲು ಕಾರಣವಾಗಬಹುದು. ಬಳಸಿದ ಬ್ಲೇಡುಗಳನ್ನು ಕಸದ ಬುಟ್ಟಿಗೆ ಎಸೆದರೆ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿಡುವ ಅಂಗಡಿಯವರನ್ನು ಮೆಚ್ಚಬೇಕು.

ರಾಜ್ಯದ ಬಹುತೇಕ ಕಡೆ ಮಂಗಳವಾರ ಕ್ಷೌರದಂಗಡಿಗಳಿಗೆ ರಜೆ. ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಅವಸರದಲ್ಲಿ ಶುಚಿತ್ವ ಹಿಂದೆ ಬೀಳುತ್ತದೆ. ಸಾಧ್ಯವಿದ್ದರೆ ವಾರದ ನಡುವೆ ಬೆಳಗಿನ ಹೊತ್ತು ಹೋಗಿ. ಶಾಲೆಯ ಮಕ್ಕಳನ್ನೂ ಆ ಹೊತ್ತಿನಲ್ಲಿ ಕರೆದೊಯ್ಯಿರಿ. ಮಗುವಿನ ಕೈಗೆ ದುಡ್ಡು ಕೊಟ್ಟು ಒಂಟಿಯಾಗಿ ಕಳಿಸುವುದಾದರೆ, ಹೊಸ ಬ್ಲೇಡು ಕೇಳುವುದನ್ನೂ ಹೇಳಿಕೊಟ್ಟು ಕಳಿಸಿ.

ಗಾಯವಾದರೆ

ಹಳೆಯ ಬ್ಲೇಡಿನಿಂದ ಗಾಯವಾಯಿತೆಂಬ ಅನುಮಾನ ಬಂದರೆ ಆ ಜಾಗವನ್ನು ಹಿಂಡದೆ, ಹರಿಯುವ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಅದೇ ದಿನ ವೈದ್ಯರನ್ನು ಕಾಣಿರಿ. ಹೆಪಟೈಟಿಸ್-ಬಿ ಲಸಿಕೆ ಪಡೆಯದವರು 24 ಗಂಟೆಯೊಳಗೆ ಲಸಿಕೆ ಆರಂಭಿಸಿದರೆ ರಕ್ಷಣೆ ಸಿಗುವ ಸಂಭವ ಹೆಚ್ಚು. ಎಚ್‌ಐವಿ ತಡೆಯುವ ಔಷಧಿ ಅಗತ್ಯವೆಂದು ವೈದ್ಯರಿಗೆ ಕಂಡರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು.

ಕ್ಷೌರದ ನಂತರ ಗುಳ್ಳೆ, ನವೆ, ಬಿಲ್ಲೆಯಾಕಾರದ ಕಲೆ ಕಾಣಿಸಿಕೊಂಡರೆ ಔಷಧಿ ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಅದರಿಂದ ನವೆ ಎರಡು ದಿನ ತಗ್ಗಿದಂತೆ ಕಂಡರೂ ಹುಳುಕಡ್ಡಿ ಮತ್ತಷ್ಟು ಹಬ್ಬಿ ಹಟಮಾರಿಯಾಗುತ್ತದೆ. ಕಾಯಿಲೆ ಗುಣವಾಗುವವರೆಗೆ ಕ್ಷೌರ ಮುಂದೂಡಿ. ನಿಮ್ಮಿಂದ ಇನ್ನೊಬ್ಬರಿಗೆ ಹರಡದಿರಲೂ ಇದು ಅಗತ್ಯ. ಹೆಪಟೈಟಿಸ್ ಇದೆಯೆಂದು ಗೊತ್ತಾದವರು ಮನೆಯಲ್ಲಿಯೂ ತಮ್ಮ ರೇಜರನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಅಪ್ಪನ ರೇಜರನ್ನು ಮೀಸೆ ಮೂಡುತ್ತಿರುವ ಮಗ ಗುಟ್ಟಾಗಿ ಬಳಸುವುದು ಎಲ್ಲ ಮನೆಗಳಲ್ಲಿಯೂ ಇರುವುದೇ. ಅವನಿಗೆ ಗದರದೆ ಹೊಸದೊಂದು ರೇಜರು ತಂದುಕೊಡಿ.

ನೆನಪಿಡಬೇಕಾದದ್ದು ಇಷ್ಟೇ: ಬ್ಲೇಡು ನಿಮ್ಮ ಕಣ್ಣೆದುರು ಕಾಗದದಿಂದ ಹೊರಬರಲಿ. ಕೈ, ಕತ್ತಿಯ ಹಿಡಿ, ಯಂತ್ರ ಶುಚಿಯಾಗಿರಲಿ. ಟವೆಲ್ಲು, ಪಟಿಕ ಒಬ್ಬರದು ಇನ್ನೊಬ್ಬರಿಗೆ ಬೇಡ. ಕತ್ತಿನ ನೆಟಿಗೆ ಬೇಡ. ಜಾವಳಕ್ಕೆ ಮೊದಲು ಲಸಿಕೆ ಮುಗಿದಿರಲಿ. ಇಷ್ಟನ್ನು ಕೇಳದೆಯೇ ಮಾಡುವ ಕ್ಷೌರಿಕರು ನಿಮ್ಮ ಬೀದಿಯಲ್ಲಿದ್ದರೆ ಅವರ ಅಂಗಡಿಗೆ ತಪ್ಪದೆ ಹೋಗಿ, ನಾಲ್ಕು ಜನ ನೆರೆಹೊರೆಯವರಿಗೂ ಹೇಳಿ.